ಟಿಕೆಟ್ ಮುಚ್ಚುವಾಗ ಬರೆಯುವ ಕೊನೆಯ ಸಾಲು

ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಬಗ್, ಅಂದರೆ ಸಾಫ್ಟ್‌ವೇರಿನ ದೋಷ ಕಂಡರೆ ಅದರ ದೂರನ್ನು ಹೇಗೆ ಬರೆಯಬೇಕು ಅನ್ನುವುದನ್ನು ಎಲ್ಲರಿಗೂ ಹೇಳಿಕೊಡುತ್ತಾರೆ. ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ಯಾವ ವರ್ಷನ್, ಯಾವ ಬ್ರೌಸರ್, ಸ್ಕ್ರೀನ್‌ಶಾಟ್ ಎಲ್ಲಿ. ಟೆಸ್ಟಿಂಗ್ ಕಲಿಸುವ ಕೋರ್ಸುಗಳಲ್ಲಿ ಇದಕ್ಕೆಂದೇ ಒಂದು ಪಾಠ ಇರುತ್ತದೆ. ಆ ದೂರನ್ನು, ಅಂದರೆ ಟಿಕೆಟ್ಟನ್ನು, ಕೊನೆಗೆ ಮುಚ್ಚುವುದು ಹೇಗೆ ಅಂತ ಹೇಳಿಕೊಟ್ಟವರನ್ನು ಮಾತ್ರ ನಾನು ಕಂಡಿಲ್ಲ. ಅದರಲ್ಲೇನಿದೆ, ಡ್ರಾಪ್‌ಡೌನ್‌ನಲ್ಲಿ 'ಡನ್' ಆರಿಸಿದರೆ ಮುಗಿಯಿತು ಅನ್ನುವ ಭಾವನೆ ಎಲ್ಲ ಕಡೆ ಇದೆ. ಟೆಸ್ಟರ್ ಆಗಿ ಸೇರಿ ಈಗ ಒಂದು ಟೀಮಿನ ಕ್ವಾಲಿಟಿ ನೋಡಿಕೊಳ್ಳುವ ನನ್ನಲ್ಲಿ ವರ್ಷ ಕಳೆದಂತೆ ಗಟ್ಟಿಯಾಗುತ್ತಾ ಬಂದಿರುವ ಅಭಿಪ್ರಾಯ ಒಂದಿದೆ: ಟಿಕೆಟ್‌ಗಳನ್ನೆಲ್ಲ ದಾಖಲಿಸುವ ಇಶ್ಯೂ ಟ್ರ್ಯಾಕರ್‌ನ ನಿಜವಾದ ಬೆಲೆ ಇರುವುದು ಟಿಕೆಟ್ ಮುಚ್ಚುವಾಗ ಬರೆದ ಮಾತಿನಲ್ಲಿ. ಆ ಮಾತು ಇಲ್ಲದಿದ್ದರೆ ಉಳಿದದ್ದೆಲ್ಲ ಹಾಜರಿ ಪುಸ್ತಕ.

ಯಾಕೆಂದರೆ ಟಿಕೆಟ್ಟನ್ನು ಓದುವವರಲ್ಲಿ ಮ್ಯಾನೇಜರ್ ಒಬ್ಬರಿಗೆ ಮಾತ್ರ ಸ್ಟೇಟಸ್ ಸಾಕು. ಬಗ್ ಹೇಳಿದವರಿಗೆ ತಾವು ಹೇಳಿದ್ದು ಯಾರಿಗಾದರೂ ಅರ್ಥವಾಯಿತೇ, ಏನು ಮಾಡಿದರು, ಮಾಡದಿದ್ದರೆ ಯಾಕೆ ಮಾಡಲಿಲ್ಲ ಅನ್ನುವುದು ಬೇಕು. ಎರಡು ಮೂರು ವರ್ಷದ ನಂತರ ಅದೇ ಫೈಲನ್ನು ತೆರೆದು, ಈ ಸಾಲನ್ನು ಹೀಗೆ ಯಾಕೆ ಬರೆದರು ಎಂದು ತಲೆ ಕೆಡಿಸಿಕೊಳ್ಳುವ ಡೆವಲಪರ್‌ಗೂ ಅದೇ ಬೇಕು. ಗಿಟ್‌ನಲ್ಲಿ (ಕೋಡಿನ ಬದಲಾವಣೆಗಳನ್ನೆಲ್ಲ ಉಳಿಸಿಡುವ ವ್ಯವಸ್ಥೆ ಅದು) ಆ ಸಾಲಿನ ಇತಿಹಾಸ ತೆಗೆದರೆ ಕಮಿಟ್, ಅಂದರೆ ಆ ಬದಲಾವಣೆಯ ದಾಖಲೆ ಸಿಗುತ್ತದೆ, ಕಮಿಟ್ ಸಂದೇಶದಲ್ಲಿ ಟಿಕೆಟ್ ನಂಬರ್ ಸಿಗುತ್ತದೆ. ಅಲ್ಲಿಂದ ಮುಂದೆ ದಾರಿ ಇದೆಯೋ ಇಲ್ಲವೋ ಅನ್ನುವುದು ಆ ದಿನ ಟಿಕೆಟ್ ಮುಚ್ಚಿದವರ ಕೈಯಲ್ಲಿತ್ತು.

ನಮ್ಮ ಕಡೆ ಜಮೀನಿನ ಕಾಗದ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಪಹಣಿಯಲ್ಲಿ ಈಗಿನ ಖಾತೆದಾರರ ಹೆಸರಿರುತ್ತದೆ, ಪಕ್ಕದಲ್ಲಿ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ನಂಬರ್ ಇರುತ್ತದೆ. ಆ ಹೆಸರು ಅಲ್ಲಿಗೆ ಕ್ರಯದಿಂದ ಬಂತೋ, ವಿಭಾಗದಿಂದಲೋ, ಪೌತಿ ಖಾತೆಯಿಂದಲೋ ಗೊತ್ತಾಗಬೇಕಾದರೆ ಮ್ಯುಟೇಶನ್ ದಾಖಲೆಯನ್ನೇ ತೆಗೆಸಬೇಕು. ಕೋಡ್ ಕೂಡ ಪಹಣಿಯ ಹಾಗೆ ಇವತ್ತಿನ ಸ್ಥಿತಿಯನ್ನಷ್ಟೇ ತೋರಿಸುತ್ತದೆ.

ಒಂದು ಪ್ರಸಂಗ ಹೇಳುತ್ತೇನೆ. ಅಂಗಡಿಗಳಿಗೆ ಬಿಲ್ಲಿಂಗ್ ಆ್ಯಪ್ ಮಾಡುವ ಒಂದು ಕಂಪನಿಯಲ್ಲಿ ನಾನಿದ್ದೆ. ದಿನದ ವ್ಯಾಪಾರದ ಮೊತ್ತ ತಪ್ಪು ಬರುತ್ತಿದೆ ಎಂದು ಸಪೋರ್ಟ್‌ಗೆ ಆಗಾಗ ಫೋನ್ ಬರುತ್ತಿತ್ತು. ಸಪೋರ್ಟಿನವರು ಟಿಕೆಟ್ ಹಾಕುತ್ತಿದ್ದರು. ಡೆವಲಪರ್ ಹನ್ನೊಂದು ಗಂಟೆಗೆ ಕಾಫಿ ಮುಗಿಸಿ ಬಂದು ಒಂದು ಬಿಲ್ ಹಾಕಿ ನೋಡುತ್ತಿದ್ದರು, ಮೊತ್ತ ಸರಿ ಬರುತ್ತಿತ್ತು, 'ರಿಪ್ರೊಡ್ಯೂಸ್ ಆಗ್ತಿಲ್ಲ' ಎಂದು ಮುಚ್ಚುತ್ತಿದ್ದರು. ಮುಂದಿನ ದೂರು ಬಂದಾಗ ಅದನ್ನು ಹಿಂದಿನದರ ಡೂಪ್ಲಿಕೇಟ್ ಎಂದು ಮುಚ್ಚುತ್ತಿದ್ದರು. ಮುಚ್ಚಿದ ಟಿಕೆಟ್ಟಿಗೆ ಡೂಪ್ಲಿಕೇಟ್ ಆಗಿ ಇನ್ನೊಂದು ಮುಚ್ಚಿದ ಟಿಕೆಟ್. ಡ್ಯಾಶ್‌ಬೋರ್ಡ್ ಹಸಿರಾಗಿಯೇ ಇತ್ತು.

ಸಪೋರ್ಟಿನಲ್ಲಿದ್ದ ಒಬ್ಬ ಹುಡುಗಿ ಒಂದು ದಿನ ನನ್ನ ಡೆಸ್ಕಿಗೆ ಬಂದು, "ಮೇಡಂ, ಫೋನ್ ಮಾಡೋರೆಲ್ಲ ಹಾಲಿನ ಏಜೆಂಟರು, ಹೂವಿನವರು, ತರಕಾರಿ ಹೋಲ್‌ಸೇಲ್‌ನವರೇ. ಬಟ್ಟೆ ಅಂಗಡಿಯವರು ಒಬ್ಬರೂ ಮಾಡಿಲ್ಲ, ನೋಡಿ" ಅಂದಳು. ಎಲ್ಲ ಟಿಕೆಟ್‌ಗಳ ಬಿಲ್ ಸಮಯ ಒಟ್ಟಿಗೆ ಹಾಕಿ ನೋಡಿದರೆ ಅಷ್ಟೂ ರಾತ್ರಿ ಹನ್ನೆರಡರಿಂದ ಬೆಳಗಿನ ಐದೂವರೆಯ ಒಳಗೆ ಹಾಕಿದ ಬಿಲ್‌ಗಳು. ಐದೂವರೆ ಅಂದ ಕೂಡಲೇ ಈ ಕಸುಬಿನವರಿಗೆ ಕಾರಣ ಹೊಳೆಯುತ್ತದೆ. ಭಾರತದ ಸಮಯ ವಿಶ್ವದ ಪ್ರಮಾಣ ಸಮಯವಾದ ಯುಟಿಸಿಗಿಂತ ಐದೂವರೆ ಗಂಟೆ ಮುಂದಿದೆ. ರಿಪೋರ್ಟ್ ದಿನವನ್ನು ಯುಟಿಸಿಯಲ್ಲಿ ಲೆಕ್ಕ ಹಾಕುತ್ತಿತ್ತು. ಹಾಲಿನವರು 11ನೇ ತಾರೀಕು ಬೆಳಗಿನ ನಾಲ್ಕೂವರೆಗೆ ಹಾಕಿದ ಬಿಲ್ ಯುಟಿಸಿಯಲ್ಲಿ 10ನೇ ತಾರೀಕು ರಾತ್ರಿ ಹನ್ನೊಂದು ಗಂಟೆಯದು, ಹಾಗಾಗಿ ಹಿಂದಿನ ದಿನದ ಮೊತ್ತಕ್ಕೆ ಸೇರುತ್ತಿತ್ತು. ಹತ್ತು ಗಂಟೆಗೆ ಶಟರ್ ಎತ್ತುವ ಬಟ್ಟೆ ಅಂಗಡಿಯವರಿಗೆ ಇದು ಯಾವತ್ತೂ ಕಾಣುವಂತಿರಲಿಲ್ಲ.

ಕಾರಣ ಸಿಕ್ಕಿತಲ್ಲ, ಸರಿಪಡಿಸುವುದು ಸುಲಭ ಅಂತ ಎಲ್ಲರಿಗೂ ಅನ್ನಿಸಿತು. ಒಬ್ಬ ಡೆವಲಪರ್ ಕೋಡ್ ತೆಗೆದಾಗ ಅಲ್ಲಿ ಮೊದಲು ಭಾರತೀಯ ಸಮಯವೇ ಇದ್ದದ್ದು, ಎರಡು ವರ್ಷದ ಹಿಂದೆ ಯಾರೋ ಬೇಕೆಂದೇ ಯುಟಿಸಿಗೆ ಬದಲಿಸಿದ್ದು ಕಂಡಿತು. ಕಮಿಟ್‌ನಲ್ಲಿ ಟಿಕೆಟ್ ನಂಬರ್ ಇತ್ತು. ತೆರೆದರೆ, 'ಡೇ ಎಂಡ್ ರಿಪೋರ್ಟ್ ಯುಟಿಸಿಗೆ ಬದಲಿಸಿ' ಅನ್ನುವ ಶೀರ್ಷಿಕೆ, ವಿವರಣೆಯ ಜಾಗ ಖಾಲಿ, ಕೊನೆಯಲ್ಲಿ ಒಂದೇ ಕಾಮೆಂಟ್: 'ಆ್ಯಸ್ ಡಿಸ್ಕಸ್ಡ್ ಆನ್ ಕಾಲ್, ಕ್ಲೋಸಿಂಗ್.'

ಆ ಕಾಲ್‌ನಲ್ಲಿ ಇದ್ದವರು ಯಾರೂ ಕಂಪನಿಯಲ್ಲಿ ಇರಲಿಲ್ಲ. ಯುಟಿಸಿ ತೆಗೆದು ಮೊದಲಿನಂತೆ ಭಾರತೀಯ ಸಮಯಕ್ಕೆ ತಂದು ರಿಲೀಸ್ ಮಾಡಿದರು. ಹಾಲಿನವರ ಫೋನ್ ನಿಂತಿತು. ಮರುವಾರ ಒಂದು ಹೋಟೆಲಿನವರ ಫೋನ್ ಬಂತು. ಅವರಿಗೆ ದುಬೈನಲ್ಲಿ ಒಂದು ಬ್ರಾಂಚ್. ಅಲ್ಲಿ ರಾತ್ರಿ ಎರಡರವರೆಗೆ ವ್ಯಾಪಾರ. ಹನ್ನೆರಡು ದಾಟಿದ ಮೇಲಿನ ಬಿಲ್‌ಗಳೂ ಆ ರಾತ್ರಿಯ ಲೆಕ್ಕಕ್ಕೇ ಸೇರಬೇಕು, ಇಲ್ಲದಿದ್ದರೆ ಕ್ಯಾಷಿಯರ್ ಗಲ್ಲಾ ಎಣಿಸಿದ್ದಕ್ಕೂ ರಿಪೋರ್ಟಿಗೂ ತಾಳೆ ಆಗುವುದಿಲ್ಲ. ದುಬೈ ಸಮಯ ಯುಟಿಸಿಗಿಂತ ನಾಲ್ಕು ಗಂಟೆ ಮುಂದೆ, ಅಂದರೆ ಯುಟಿಸಿಯ ದಿನ ಅಲ್ಲಿ ಬೆಳಗಿನ ನಾಲ್ಕಕ್ಕೆ ಬದಲಾಗುತ್ತದೆ. ಹೋಟೆಲಿಗೆ ಅದು ಸರಿಯಾಗಿ ಹೊಂದುತ್ತಿತ್ತು. ಎರಡು ವರ್ಷದ ಹಿಂದೆ ಯಾರೋ ಬುದ್ಧಿವಂತರು ಈ ಹೊಂದಿಕೆಯನ್ನು ಗಮನಿಸಿ, ಹೊಸ ಸೆಟ್ಟಿಂಗ್ ಮಾಡುವ ಬದಲು ಇಡೀ ರಿಪೋರ್ಟನ್ನೇ ಯುಟಿಸಿಗೆ ತಂದಿದ್ದರು. ಆಗಿನ ಗಿರಾಕಿಗಳಲ್ಲಿ ಬೆಳಗಿನ ಜಾವ ಬಿಲ್ ಹಾಕುವವರು ಇರಲಿಲ್ಲವೇನೋ. ಯೋಚಿಸಿ ಮಾಡಿದ ಕೆಲಸವೇ ಅದು. ಆದರೆ ಯೋಚನೆ ಕಾಲ್‌ನಲ್ಲೇ ಉಳಿದುಹೋಯಿತು. 'ದುಬೈ ಬ್ರಾಂಚಿನ ರಾತ್ರಿ ವ್ಯಾಪಾರ ಒಂದೇ ದಿನಕ್ಕೆ ಬರಲಿ ಅಂತ ಹೀಗೆ ಮಾಡಿದ್ದೇವೆ' ಅನ್ನುವ ಒಂದು ಸಾಲು ಆ ಟಿಕೆಟ್ಟಿನಲ್ಲಿದ್ದಿದ್ದರೆ, ಪ್ರತಿ ಬ್ರಾಂಚಿಗೂ 'ದಿನ ಶುರುವಾಗುವ ಸಮಯ' ಅನ್ನುವ ಸೆಟ್ಟಿಂಗ್ ಬೇಕು ಎಂಬುದು ಮೊದಲ ದಿನವೇ ಗೊತ್ತಾಗುತ್ತಿತ್ತು. ಕೊನೆಗೆ ಮಾಡಿದ್ದು ಅದನ್ನೇ, ಎರಡು ಥರದ ಗಿರಾಕಿಗಳ ಲೆಕ್ಕ ಕೆಡಿಸಿದ ಮೇಲೆ.

'ಆ್ಯಸ್ ಡಿಸ್ಕಸ್ಡ್' ಅನ್ನುವ ಈ ಎರಡು ಪದಗಳ ಮೇಲೆ ನನಗೆ ಅಷ್ಟು ಸಿಟ್ಟು ಇರುವುದು ಇದಕ್ಕೆ. ಬೆಂಗಳೂರಿನ ಯಾವ ಕಂಪನಿಯ ಟ್ರ್ಯಾಕರ್‌ನಲ್ಲಿ ಹುಡುಕಿದರೂ ಇದು ರಾಶಿ ಬೀಳುತ್ತದೆ.

ಹಳೆಯ ಟ್ರ್ಯಾಕರ್‌ಗಳನ್ನು ನೋಡಿದರೆ, ಮುಚ್ಚುವುದರ ಬಗ್ಗೆ ಅವುಗಳನ್ನು ಕಟ್ಟಿದವರು ಎಷ್ಟು ಯೋಚಿಸಿದ್ದರು ಅನ್ನುವುದು ಕಾಣುತ್ತದೆ. ಡೆಬಿಯನ್ ಲಿನಕ್ಸ್‌ನ (ಅದೊಂದು ಆಪರೇಟಿಂಗ್ ಸಿಸ್ಟಮ್) ಬಗ್ ವ್ಯವಸ್ಥೆಯನ್ನು ಇಯಾನ್ ಜಾಕ್ಸನ್ 1994ರಲ್ಲಿ ಬರೆದರು. ಅದು ಇವತ್ತಿಗೂ ಇಮೇಲ್ ಮೇಲೆಯೇ ನಡೆಯುತ್ತದೆ. ಬಗ್ ಹಾಕುವುದೂ ಇಮೇಲ್, ಚರ್ಚೆಯೂ ಇಮೇಲ್. ಮುಚ್ಚಬೇಕಾದರೆ ಬಗ್ ನಂಬರಿನ ಮುಂದೆ 'ಡನ್' ಸೇರಿಸಿದ ವಿಳಾಸಕ್ಕೆ ಒಂದು ಪತ್ರ ಬರೆಯಬೇಕು, ಆ ಪತ್ರ ಬಗ್ ಹಾಕಿದವರಿಗೆ ತಲುಪುತ್ತದೆ. ಮುಚ್ಚುವುದು ಅಂದರೆ ಅಲ್ಲಿ ದೂರು ಕೊಟ್ಟ ವ್ಯಕ್ತಿಗೆ ಪತ್ರ ಬರೆಯುವುದು. ಖಾಲಿ ಪತ್ರ ಕಳಿಸಲು ಯಾರಿಗಾದರೂ ಸಂಕೋಚವಾಗುತ್ತದೆ, ಹಾಗಾಗಿ ಎರಡು ಸಾಲಾದರೂ ಬರುತ್ತವೆ. ಈ ಒಂದು ಏರ್ಪಾಡಿಗಾಗಿ ನನಗೆ ಡೆಬಿಯನ್ ಬಗ್ಗೆ ಅಪಾರ ಗೌರವ.

ಇನ್ನೊಂದು ಸಂಗತಿ. ಡೆಬಿಯನ್‌ನಲ್ಲಿ 'ವೋಂಟ್‌ಫಿಕ್ಸ್' ಒಂದು ಟ್ಯಾಗ್ ಮಾತ್ರ. ಇದನ್ನು ಸರಿಪಡಿಸುವುದಿಲ್ಲ ಅಂತ ಆ ಪ್ರೋಗ್ರಾಂ ನೋಡಿಕೊಳ್ಳುವ ಮೇಂಟೇನರ್ ಹೇಳಿದ ಮೇಲೂ ಬಗ್ ತೆರೆದೇ ಇರಬಹುದು. ತೊಂದರೆ ಇದೆ ಅನ್ನುವುದು ನಿಜ, ನಾವು ಮಾಡುವುದಿಲ್ಲ ಅನ್ನುವುದೂ ನಿಜ, ಎರಡನ್ನೂ ಒಟ್ಟಿಗೆ ಹೇಳಲು ಅಲ್ಲಿ ಜಾಗ ಇದೆ. 1998ರಲ್ಲಿ ಮೊಜಿಲ್ಲಾ ಯೋಜನೆಗಾಗಿ ಟೆರ್ರಿ ವೈಸ್‌ಮನ್ ಬರೆದ ಬಗ್‌ಜಿಲ್ಲಾದಲ್ಲಿ ಅದೇ 'ವೋಂಟ್‌ಫಿಕ್ಸ್' ಒಂದು ರೆಸಲ್ಯೂಶನ್, ಅಂದರೆ ಬಗ್ ಹೇಗೆ ಮುಗಿಯಿತು ಅನ್ನುವ ಗುರುತು. ಅದನ್ನು ಆರಿಸಿದರೆ ಬಗ್ ಮುಚ್ಚಿಹೋಗುತ್ತದೆ. ಜೊತೆಗೆ 'ಫಿಕ್ಸ್ಡ್', 'ಇನ್‌ವ್ಯಾಲಿಡ್', 'ಡೂಪ್ಲಿಕೇಟ್', 'ವರ್ಕ್ಸ್‌ಫಾರ್‌ಮಿ'. ಮೊದಮೊದಲು 'ಲೇಟರ್', 'ರಿಮೈಂಡ್' ಅನ್ನುವ ಎರಡೂ ಇದ್ದವು. ಆಮೇಲೆ ನೋಡೋಣ ಅಂತ ಮುಚ್ಚಿದ್ದನ್ನು ಆಮೇಲೆ ಯಾರು ನೋಡುತ್ತಾರೆ? ಮುಂದೆ ಅವೆರಡನ್ನೂ ಕೈಬಿಟ್ಟರು. ನಮ್ಮ ಟೀಮುಗಳಲ್ಲಿ ಮಾತ್ರ ಆ 'ಲೇಟರ್' ಬ್ಯಾಕ್‌ಲಾಗ್ ಅನ್ನುವ ಹೆಸರಿನಲ್ಲಿ ಬದುಕಿಕೊಂಡಿದೆ.

2002ರಲ್ಲಿ ಸಿಡ್ನಿಯ ಅಟ್ಲಾಸಿಯನ್ ಕಂಪನಿ ಜಿರಾ ಅನ್ನುವ ಟ್ರ್ಯಾಕರ್ ಬಿಡುಗಡೆ ಮಾಡಿತು. ಯಾವ ಟೀಮ್ ಆದರೂ ತನಗೆ ಬೇಕಾದ ವರ್ಕ್‌ಫ್ಲೋ ಹೇಗೆ ಬೇಕಾದರೂ ಕಟ್ಟಿಕೊಳ್ಳಬಹುದು ಅನ್ನುವುದು ಅದರ ಶಕ್ತಿ. ನಾನು ನೋಡಿದ ಜಾಗಗಳಲ್ಲಿ ಆ ಶಕ್ತಿಯೆಲ್ಲ ಸ್ಟೇಟಸ್‌ಗಳನ್ನು ಹೆಚ್ಚಿಸುವುದಕ್ಕೇ ಖರ್ಚಾಗಿದೆ. 'ಇನ್ ರಿವ್ಯೂ', 'ರೆಡಿ ಫಾರ್ ಕ್ಯೂಎ', 'ಕ್ಯೂಎ ಇನ್ ಪ್ರೋಗ್ರೆಸ್', 'ರೆಡಿ ಫಾರ್ ಯುಎಟಿ'. ಇದೇ ಜಿರಾದಲ್ಲಿ ಮುಚ್ಚುವಾಗ ಕಾಮೆಂಟ್ ಕಡ್ಡಾಯ ಅಂತಲೂ ಮಾಡಬಹುದು. ಸ್ಟೇಟಸ್ ಸೇರಿಸುವ ಉತ್ಸಾಹ ಅದಕ್ಕೆ ಕಾಣುವುದಿಲ್ಲ. ಗಿಟ್‌ಹಬ್ ಅನ್ನುವ ಕೋಡ್ ಇಡುವ ತಾಣ ಇನ್ನೊಂದು ತುದಿ. ಅಲ್ಲಿ ಬಹುಕಾಲ ತೆರೆದದ್ದು, ಮುಚ್ಚಿದ್ದು ಎರಡೇ. 'ಪೂರ್ಣಗೊಂಡಿದೆ', 'ಯೋಜನೆಯಲ್ಲಿಲ್ಲ' ಎಂಬ ವ್ಯತ್ಯಾಸ ಬಂದದ್ದು 2022ರಲ್ಲಿ. ಪುಲ್ ರಿಕ್ವೆಸ್ಟ್‌ನಲ್ಲಿ 'ಫಿಕ್ಸಸ್' ಅಂತ ಬರೆದು ನಂಬರ್ ಹಾಕಿದರೆ, ಆ ಬದಲಾವಣೆ ಮುಖ್ಯ ಕೋಡಿಗೆ ಮರ್ಜ್ ಆದ ಕ್ಷಣ ಇಶ್ಯೂ ತಾನಾಗೇ ಮುಚ್ಚಿಕೊಳ್ಳುತ್ತದೆ. ಅನುಕೂಲ ನಿಜ. ಬಗ್ ಹೇಳಿದವರಿಗೆ ಒಬ್ಬ ಮನುಷ್ಯನೂ ಒಂದು ಪದ ಬರೆಯದೆ ಎಲ್ಲ ಮುಗಿದುಹೋಗಬಹುದು ಅನ್ನುವುದೂ ನಿಜ.

ಅದಕ್ಕಿಂತ ಬೇಸರದ್ದು ಸ್ಟೇಲ್ ಬಾಟ್. ಇಷ್ಟು ದಿನ ಯಾರೂ ಮಾತಾಡಿಲ್ಲ, ಹಾಗಾಗಿ ಮುಚ್ಚುತ್ತಿದ್ದೇನೆ ಅಂತ ಯಂತ್ರವೇ ಬರೆದು ಮುಚ್ಚಿಬಿಡುತ್ತದೆ. ಒಬ್ಬರೋ ಇಬ್ಬರೋ ಬಿಡುವಿನ ವೇಳೆಯಲ್ಲಿ ನಡೆಸುವ ಓಪನ್ ಸೋರ್ಸ್ ಯೋಜನೆಯ ಕಷ್ಟ ನನಗೆ ಗೊತ್ತು, ಸಾವಿರ ತೆರೆದ ಇಶ್ಯೂ ನೋಡಿದರೆ ಅವರಿಗೆ ಎದೆ ಭಾರವಾಗುತ್ತದೆ. ಆದರೂ ಮೌನ ಒಂದು ಕಾರಣವಲ್ಲ. ಬಗ್ ಹಾಕಿದವರು ಎಲ್ಲ ವಿವರ ಕೊಟ್ಟು ಉತ್ತರಕ್ಕಾಗಿ ಕಾಯುತ್ತಿದ್ದಾರೆ, ಉತ್ತರ ಬಂದಿಲ್ಲ, ಬಾರದ ಉತ್ತರವನ್ನೇ ನೆಪ ಮಾಡಿ ಅವರ ಬಗ್ ಮುಚ್ಚುವುದು ಅನ್ಯಾಯ. ಫೆಡೋರಾ ಅನ್ನುವ ಇನ್ನೊಂದು ಲಿನಕ್ಸ್ ಕೂಡ ಯಂತ್ರದಿಂದಲೇ ಬಗ್ ಮುಚ್ಚುತ್ತದೆ, ಆದರೆ ರೀತಿ ಬೇರೆ. ಅಲ್ಲಿ ಪ್ರತಿ ಬಿಡುಗಡೆಯ ಆಯಸ್ಸು ಸುಮಾರು 13 ತಿಂಗಳು. ಆ ಆವೃತ್ತಿಯ ಬಗ್‌ಗಳಿಗೆ ಮೊದಲೇ ಸೂಚನೆ ಬರುತ್ತದೆ: ಇದರ ಬೆಂಬಲ ನಿಲ್ಲುತ್ತಿದೆ, ಹೊಸ ಆವೃತ್ತಿಯಲ್ಲೂ ತೊಂದರೆ ಇದ್ದರೆ ವರ್ಷನ್ ಬದಲಿಸಿ, ತೆರೆದಿಡುತ್ತೇವೆ. ಕಾರಣ ಹೇಳಿದ್ದಾರೆ, ದಾರಿಯನ್ನೂ ಹೇಳಿದ್ದಾರೆ. ಬರೆದದ್ದು ಯಂತ್ರವಾದರೂ ನನಗೆ ತಕರಾರಿಲ್ಲ.

ಮುಚ್ಚದೇ ಇಡುವುದರಲ್ಲೂ ಒಂದು ಪ್ರಾಮಾಣಿಕತೆ ಇದೆ. ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯೂಎಲ್‌ನ 11472ನೇ ಬಗ್ ಈ ಕಸುಬಿನವರಲ್ಲಿ ಪ್ರಸಿದ್ಧ. ಫಾರಿನ್ ಕೀ (ಎರಡು ಟೇಬಲ್ ಬೆಸೆಯುವ ಕೊಂಡಿ) ಮೂಲಕ ಅಳಿದುಹೋದ ಸಾಲುಗಳಿಗೆ ಟ್ರಿಗರ್ (ಬದಲಾವಣೆ ಆದಾಗ ತಾನಾಗೇ ಓಡುವ ಕೋಡ್) ಓಡುವುದಿಲ್ಲ ಅನ್ನುವುದು ದೂರು. 2005ರ ಜೂನ್‌ನಲ್ಲಿ ಹಾಕಿದ್ದು, ಹತ್ತು ವರ್ಷ ಮೀರಿದರೂ ತೆರೆದೇ ಇತ್ತು. ಜೂನ್ ಬಂದರೆ ಜನ ಅಲ್ಲಿ ಹುಟ್ಟುಹಬ್ಬದ ಶುಭಾಶಯ ಬರೆಯುತ್ತಿದ್ದರು. ಅದು ಕಂಪನಿಗೆ ಮುಜುಗರದ ವಿಷಯ ಅನ್ನುವವರಿದ್ದಾರೆ. ನನ್ನ ಎಣಿಕೆಯಲ್ಲಿ ಮುಜುಗರ ತಪ್ಪಿಸಲು ಮುಚ್ಚಿಬಿಡುವುದಕ್ಕಿಂತ ಅದು ಎಷ್ಟೋ ಮೇಲು. ಆಡಿಟ್ ಲಾಗ್‌ಗೆ ಟ್ರಿಗರ್ ಬರೆದು, ಲಾಗ್‌ನಲ್ಲಿ ಯಾಕೆ ಕೆಲವು ಸಾಲು ಕಾಣುತ್ತಿಲ್ಲ ಎಂದು ಹುಡುಕಿಕೊಂಡು ಬಂದ ಡೆವಲಪರ್‌ಗೆ ಆ ಪುಟದಲ್ಲಿ ಉತ್ತರ ಸಿಗುತ್ತದೆ, ಬೇರೆಯವರು ಅದನ್ನು ಹೇಗೆ ದಾಟಿದರು ಅನ್ನುವುದೂ ಸಿಗುತ್ತದೆ.

ಚೆನ್ನಾಗಿ ಮುಚ್ಚಿದ್ದಕ್ಕೆ ಉದಾಹರಣೆ ಕೇಳಿದರೆ ನಾನು ಮತ್ತೊಂದು ಲಿನಕ್ಸ್ ಆದ ಉಬುಂಟುವಿನ ಒಂದನೇ ನಂಬರಿನ ಬಗ್ ತೋರಿಸುತ್ತೇನೆ. 2004ರ ಆಗಸ್ಟ್‌ನಲ್ಲಿ ಉಬುಂಟು ಶುರು ಮಾಡಿದ ಮಾರ್ಕ್ ಶಟಲ್‌ವರ್ತ್ ಹಾಕಿದ್ದು. ಮಾರುಕಟ್ಟೆಯ ಬಹುಪಾಲು ಮೈಕ್ರೋಸಾಫ್ಟ್ ಕೈಯಲ್ಲಿದೆ ಅನ್ನುವುದೇ ಬಗ್. ಅದನ್ನು ಅವರು 2013ರ ಮೇ 30ರಂದು ಮುಚ್ಚಿದರು. ಮುಚ್ಚುವಾಗ ಬರೆದದ್ದರ ಸಾರ ಇಷ್ಟು: ವೈಯಕ್ತಿಕ ಕಂಪ್ಯೂಟಿಂಗ್ ಅಂದರೆ ಈಗ ಫೋನು, ಟ್ಯಾಬ್ಲೆಟ್ ಎಲ್ಲ ಸೇರಿದೆ, ಆಂಡ್ರಾಯ್ಡ್ ಎಲ್ಲರ ಮೊದಲ ಆಯ್ಕೆ ಅಲ್ಲದಿದ್ದರೂ ಅದೂ ಓಪನ್ ಸೋರ್ಸ್ ವೇದಿಕೆಯೇ, ಬದಲಾವಣೆ ಆಗಿದೆ ಎಂದು ಒಪ್ಪಿಕೊಳ್ಳಬೇಕು. ಬಗ್ ಹಾಕಿದಾಗ ಊಹಿಸಿದ ರೀತಿಯಲ್ಲಿ ಅದು ಬಗೆಹರಿದಿರಲಿಲ್ಲ. ಮುಚ್ಚುವಾಗ ಆ ವ್ಯತ್ಯಾಸವನ್ನು ಬಚ್ಚಿಡಲಿಲ್ಲ ಅನ್ನುವುದು ನನಗೆ ಮುಖ್ಯ. ನಮ್ಮ ದಿನನಿತ್ಯದ ಟಿಕೆಟ್‌ಗಳಲ್ಲೂ ಇದು ಆಗಾಗ ಬೇಕಾಗುತ್ತದೆ. ಕೇಳಿದ್ದು ಒಂದು, ಮಾಡಿದ್ದು ಇನ್ನೊಂದು. ಕೇಳಿದ್ದನ್ನೇ ಮಾಡಿದ್ದೇವೆ ಅನ್ನುವ ಹಾಗೆ 'ಡನ್' ಒತ್ತಿದರೆ ಬಗ್ ಹೇಳಿದವರು ಮತ್ತೆ ಅದೇ ಬಗ್ ಹಾಕುತ್ತಾರೆ.

ಕನ್ನಡದಂಥ ಭಾಷೆಗಳ ಬಗ್‌ಗಳಲ್ಲಿ ಈ ಕೊನೆಯ ಸಾಲಿನ ಅಗತ್ಯ ಇನ್ನೂ ಹೆಚ್ಚು, ಯಾಕೆಂದರೆ ಅಲ್ಲಿ ಸರಿಪಡಿಸಬೇಕಾದವರಿಗೆ ಬಹುತೇಕ ಸಲ ತೊಂದರೆ ಕಣ್ಣಿಗೇ ಕಾಣುವುದಿಲ್ಲ. ಅದೇ ಬಿಲ್ಲಿಂಗ್ ಆ್ಯಪಿನಲ್ಲಿ ಪಾತ್ರೆ ಅಂಗಡಿಯವರೊಬ್ಬರು 'ಸ್ಟೀಲ್ ರ‍್ಯಾಕ್' ಅನ್ನುವ ಐಟಂ ಸೇರಿಸಿದ್ದರು. ಬಿಲ್ಲಿನಲ್ಲಿ ಅದು 'ಸ್ಟೀಲ್ ರ್ಯಾಕ್' ಅಂತ ಬರುತ್ತಿತ್ತು. ಸೂರ್ಯ, ಕಾರ್ಯದ ಹಾಗೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ (ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಕೋಡ್ ಕೊಡುವ ವ್ಯವಸ್ಥೆ) ರ, ವಿರಾಮ (ಅರ್ಧಾಕ್ಷರದ ಚಿಹ್ನೆ), ಯ ಸೇರಿದರೆ ಅರ್ಕಾವತ್ತೇ ಬರುವುದು. ರ ಕೆಳಗೆ ಯ ಒತ್ತು ಬೇಕಾದರೆ ರ ಮತ್ತು ವಿರಾಮದ ನಡುವೆ ಜೀರೋ ವಿಡ್ತ್ ಜಾಯ್ನರ್ ಅನ್ನುವ ಕಾಣದ ಅಕ್ಷರ ಇರಬೇಕು. ನಮ್ಮ ಕೋಡಿನಲ್ಲಿ ಐಟಂ ಹೆಸರು ಉಳಿಸುವ ಮೊದಲು ಕಾಣದ ಅಕ್ಷರಗಳನ್ನೆಲ್ಲ ತೆಗೆದುಹಾಕುವ ಒಂದು ಸಾಲಿತ್ತು. ಅದಕ್ಕೂ ಕಾರಣವಿತ್ತು. ಕಾಣದ ಅಕ್ಷರ ಸೇರಿಸಿ ಒಂದೇ ಥರ ಕಾಣುವ ಎರಡು ಯೂಸರ್ ಹೆಸರು ಮಾಡುವ ಮೋಸವನ್ನು ತಡೆಯಲು ಯಾರೋ ಹಾಕಿದ್ದು.

ಕೋಡ್ ನೋಡುತ್ತಿದ್ದವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಟಿಕೆಟ್ಟಿನಲ್ಲಿದ್ದ ಎರಡು ಪದಗಳೂ ಅವರಿಗೆ ಒಂದೇ. 'ಕಾಣದ ಅಕ್ಷರ ತೆಗೆಯುವುದು ಬೇಕೆಂದೇ ಮಾಡಿದ್ದು, ಇನ್‌ವ್ಯಾಲಿಡ್' ಎಂದು ಮುಚ್ಚಿದರು. ಟಿಕೆಟ್ ಮತ್ತೆ ತೆರೆಸಿದ್ದು ನಮ್ಮ ಟೀಮಿನ ಒಬ್ಬ ಟೆಸ್ಟರ್. ಎರಡು ಪದಗಳ ಚಿತ್ರವನ್ನು ಪಕ್ಕಪಕ್ಕ ಇಟ್ಟು, ಬೇರೆಯಾಗಿರುವ ಜಾಗಕ್ಕೆ ಕೆಂಪು ಸುತ್ತು ಹಾಕಿ, ಪ್ರತಿ ಅಕ್ಷರದ ಕೋಡ್ ಬಿಡಿಸಿ ಬರೆದು, ಕನ್ನಡದಲ್ಲಿ ಆ ಜಾಯ್ನರ್ ಇಲ್ಲದೆ ಈ ಪದ ಬರೆಯಲು ಬೇರೆ ದಾರಿಯೇ ಇಲ್ಲ ಎಂದು ಹೇಳಿದ. ಆಮೇಲೆ ಅದೇ ಡೆವಲಪರ್ ಮುಚ್ಚುವಾಗ ಬರೆದದ್ದು ನನಗೆ ಇವತ್ತಿಗೂ ಇಷ್ಟ: 'ಜಾಯ್ನರ್ ತೆಗೆಯುವುದನ್ನು ಲಾಗಿನ್ ಹೆಸರಿಗೆ ಮಾತ್ರ ಉಳಿಸಿದೆ. ಐಟಂ, ಅಂಗಡಿ, ವಿಳಾಸದ ಜಾಗಗಳಲ್ಲಿ ತೆಗೆಯುವುದಿಲ್ಲ. ರ‍್ಯಾಕ್, ರ‍್ಯಾಲಿ ಎರಡನ್ನೂ ಟೆಸ್ಟಿಗೆ ಸೇರಿಸಿದ್ದೇನೆ. ಹಳೆಯ ಐಟಂಗಳು ತಾವಾಗಿ ಸರಿಯಾಗುವುದಿಲ್ಲ, ಅಂಗಡಿಯವರು ಒಮ್ಮೆ ಮತ್ತೆ ಟೈಪ್ ಮಾಡಬೇಕು.' ಕೊನೆಯ ವಾಕ್ಯ ನೋಡಿ. ಏನು ಆಗಿಲ್ಲ ಅನ್ನುವುದನ್ನು ಹೇಳುತ್ತದೆ. ಸಪೋರ್ಟಿನವರು ಅಂಗಡಿಯವರಿಗೆ ಫೋನ್ ಮಾಡಿ ಹೇಳಬೇಕಾದ ಮಾತು ಅದೊಂದೇ.

ಇಂಥ ಬಗ್ ನಮ್ಮ ಆ್ಯಪಿನಲ್ಲೇ ಇರಬೇಕೆಂದೇನಿಲ್ಲ. ಫಾಂಟ್‌ನಲ್ಲಿರಬಹುದು, ಅಕ್ಷರ ಜೋಡಿಸುವ ಹಾರ್ಫ್‌ಬಜ್‌ನಲ್ಲಿರಬಹುದು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲ ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಬಳಸುತ್ತವೆ. ಹಾಗಾದಾಗ 'ಇದು ನಮ್ಮದಲ್ಲ' ಎಂದು ಮುಚ್ಚುವುದು ತಪ್ಪಲ್ಲ, ಆದರೆ ಯಾರದ್ದು, ಅಲ್ಲಿ ಯಾವ ನಂಬರಿನಲ್ಲಿ ಬಗ್ ಹಾಕಿದ್ದೇವೆ ಅನ್ನುವ ಲಿಂಕ್ ಇಡಲೇಬೇಕು. ಊರಿನಲ್ಲಿ ಕೂತು ಒತ್ತಕ್ಷರ ತಪ್ಪಾಗಿದೆ ಎಂದು ಬರೆದ ಶಿಕ್ಷಕರೊಬ್ಬರು ಈ ಪದರಗಳನ್ನೆಲ್ಲ ತಿಳಿದು ಸರಿಯಾದ ಟ್ರ್ಯಾಕರ್ ಹುಡುಕಲಿ ಅಂತ ಬಯಸುವುದು ನ್ಯಾಯವಲ್ಲ. 2018ರ ಫೆಬ್ರವರಿಯಲ್ಲಿ ತೆಲುಗಿನ 'ಜ್ಞಾ' ಐಫೋನ್‌ಗಳಲ್ಲಿ ಆ್ಯಪ್‌ಗಳನ್ನು ಬೀಳಿಸುತ್ತಿತ್ತು, ಆ್ಯಪಲ್ ಐಓಎಸ್‌ನ 11.2.6ನೇ ಆವೃತ್ತಿಯಲ್ಲಿ ಅದನ್ನು ಸರಿಪಡಿಸಿತು. ಆ ಅಕ್ಷರವನ್ನು ಹಾಗೇ ಟಿಕೆಟ್ಟಿಗೆ ಅಂಟಿಸಿದರೆ ಓದುವವರ ಆ್ಯಪ್ ಕೂಡ ಬೀಳುವ ಸ್ಥಿತಿ. ನಮ್ಮ ಲಿಪಿಗಳ ಬಗ್ ಬರೆಯುವುದೇ ಒಂದು ಪರಿಣತಿ, ಅದನ್ನು ಬರೆದವರಿಗೆ ಸರಿಯಾದ ಉತ್ತರ ಸಿಕ್ಕರೆ ಮಾತ್ರ ಎರಡನೇ ಸಲ ಬರೆಯುತ್ತಾರೆ.

ಇನ್ನು ಮ್ಯಾನೇಜ್‌ಮೆಂಟ್ ಕಡೆ. ವಾರಕ್ಕೆ ಎಷ್ಟು ಮುಚ್ಚಿದಿರಿ ಅನ್ನುವ ಲೆಕ್ಕ ಅಪ್ರೈಸಲ್‌ಗೆ ಹೋಗುತ್ತದೆ ಅಂದ ಕೂಡಲೇ ಟ್ರ್ಯಾಕರ್ ಸುಳ್ಳು ಹೇಳಲು ಶುರು ಮಾಡುತ್ತದೆ. ಒಂದು ಕೆಲಸ ಐದು ಟಿಕೆಟ್ ಆಗುತ್ತದೆ. ರೀಓಪನ್ ಆದರೆ ಅಂಕ ಕಡಿಮೆ ಅಂತ ಹೊಸ ಟಿಕೆಟ್ ಹಾಕಿಸುತ್ತಾರೆ, ಹಳೆಯ ಚರ್ಚೆ ಅಲ್ಲೇ ಉಳಿಯುತ್ತದೆ. ಸರ್ವಿಸ್ ಕಂಪನಿಗಳಲ್ಲಿ ಎಸ್‌ಎಲ್‌ಎ ಗಡಿಯಾರ (ಎಷ್ಟು ಹೊತ್ತಿನೊಳಗೆ ಬಗೆಹರಿಸಬೇಕು ಅನ್ನುವ ಒಪ್ಪಂದದ ಲೆಕ್ಕ) ಇರುತ್ತದೆ, 'ಪೆಂಡಿಂಗ್ ಕಸ್ಟಮರ್' ಅಂತ ಇಟ್ಟರೆ ಗಡಿಯಾರ ನಿಲ್ಲುತ್ತದೆ, ಶುಕ್ರವಾರ ಸಂಜೆ ಅಗತ್ಯವಿಲ್ಲದ ಒಂದು ಪ್ರಶ್ನೆ ಕೇಳಿ ಗಡಿಯಾರ ನಿಲ್ಲಿಸುವವರನ್ನು ಈ ಕೆಲಸದಲ್ಲಿರುವ ಎಲ್ಲರೂ ನೋಡಿರುತ್ತಾರೆ. ಅವರನ್ನು ಬೈಯುವುದು ನನಗೆ ಸರಿ ಕಾಣುವುದಿಲ್ಲ. ಅಳೆದದ್ದಕ್ಕೆ ತಕ್ಕಂತೆ ಜನ ನಡೆದುಕೊಳ್ಳುತ್ತಾರೆ, ಅಳತೆ ಇಟ್ಟವರನ್ನು ಕೇಳಬೇಕು.

ಟೂಲ್ ಬದಲಿಸುವಾಗಲೂ ಈ ಕೊನೆಯ ಸಾಲುಗಳೇ ಮೊದಲು ಹೋಗುವುದು. ಹೊಸ ಟ್ರ್ಯಾಕರ್‌ಗೆ ತೆರೆದ ಟಿಕೆಟ್‌ಗಳನ್ನು ಮಾತ್ರ ಒಯ್ಯೋಣ, ಮುಚ್ಚಿದ್ದು ಯಾಕೆ ಅಂತ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ವಿಕಿಪೀಡಿಯ ನಡೆಸುವ ವಿಕಿಮೀಡಿಯಾದವರು 2014ರ ನವೆಂಬರ್‌ನಲ್ಲಿ ಬಗ್‌ಜಿಲ್ಲಾದಿಂದ ಫ್ಯಾಬ್ರಿಕೇಟರ್‌ಗೆ (ಅದೂ ಒಂದು ಟ್ರ್ಯಾಕರ್) ಬಂದಾಗ ಎಲ್ಲವನ್ನೂ ತಂದರು, ಹಳೆಯ ನಂಬರಿಗೆ 2000 ಕೂಡಿಸಿದರೆ ಹೊಸ ನಂಬರ್ ಸಿಗುವ ಹಾಗೆ ಮಾಡಿದರು. ಹಳೆಯ ಕಮಿಟ್‌ನಲ್ಲಿ ಬಗ್ ನಂಬರ್ ಕಂಡರೆ ಇವತ್ತೂ ಮನಸ್ಸಿನಲ್ಲೇ ಕೂಡಿಸಿ ಹುಡುಕಬಹುದು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಯೋಜನೆ ತನ್ನ ಟ್ರ್ಯಾಕರನ್ನು 2022ರ ಏಪ್ರಿಲ್‌ನಲ್ಲಿ ಗಿಟ್‌ಹಬ್‌ಗೆ ಸಾಗಿಸಿದಾಗಲೂ ಹಳೆಯ ಚರ್ಚೆಗಳು ಜೊತೆಗೆ ಬಂದವು.

ಈಗ ನಾನಿರುವ ಟೀಮಿನಲ್ಲಿ ಟಿಕೆಟ್ ಮುಚ್ಚುವಾಗ ಕಾಮೆಂಟ್ ಕಡ್ಡಾಯ. ಕಡ್ಡಾಯ ಮಾಡಿದ ಮೊದಲ ದಿನಗಳಲ್ಲಿ 'ಫಿಕ್ಸ್ಡ್' ಅನ್ನುವ ಒಂದೇ ಪದ ಬರುತ್ತಿತ್ತು, ಒಬ್ಬರು ಬರೀ ಚುಕ್ಕಿ ಇಡುತ್ತಿದ್ದರು. ಬೈಯಲಿಲ್ಲ. ವಾರಕ್ಕೊಮ್ಮೆ ಟಿಕೆಟ್ ವಿಂಗಡಿಸುವ ಟ್ರಯಾಜ್ ಮೀಟಿಂಗ್‌ನಲ್ಲಿ ಆ ವಾರ ಮುಚ್ಚಿದ ಟಿಕೆಟ್‌ಗಳ ಕೊನೆಯ ಕಾಮೆಂಟ್‌ಗಳನ್ನು ಸಪೋರ್ಟಿನವರು ಜೋರಾಗಿ ಓದುತ್ತಾರೆ, ಗಿರಾಕಿಗೆ ಏನು ಹೇಳಬೇಕು ಅಂತ ಅರ್ಥವಾಗದಿದ್ದರೆ ಅಲ್ಲೇ ಕೇಳುತ್ತಾರೆ. ಬದಲಾವಣೆ ಬಂದದ್ದು ಇದರಿಂದ, ನಿಯಮದಿಂದಲ್ಲ. ಸರಿಪಡಿಸುವುದಿಲ್ಲ ಅಂತ ಮುಚ್ಚುವಾಗ ಕಾರಣ ಬರೆಯಲು ಜನ ಈಗಲೂ ಹಿಂಜರಿಯುತ್ತಾರೆ. 'ಈ ಗಿರಾಕಿಗಾಗಿ ಇಷ್ಟು ಖರ್ಚು ಮಾಡಲು ಆಗುವುದಿಲ್ಲ' ಅನ್ನುವುದೇ ಕಾರಣವಾಗಿದ್ದರೆ ಅದನ್ನು ಗಿರಾಕಿ ಓದುವ ಜಾಗದಲ್ಲಿ ಬರೆಯಲಾಗದು. ಅಂಥದ್ದಕ್ಕೆ ಒಳಗಿನವರಿಗೆ ಮಾತ್ರ ಕಾಣುವ ಕಾಮೆಂಟ್ ಬಳಸುತ್ತೇವೆ. ಯಾರ ತಪ್ಪು ಅನ್ನುವುದನ್ನು ಎಲ್ಲೂ ಬರೆಯುವುದಿಲ್ಲ, ಏನು ತೀರ್ಮಾನವಾಯಿತು ಅನ್ನುವುದನ್ನು ಬಿಡುವುದಿಲ್ಲ.

ಈಚೆಗೆ ಟ್ರ್ಯಾಕರ್‌ಗಳಲ್ಲೇ ಎಐ ಸಾರಾಂಶದ ಬಟನ್ ಬಂದಿದೆ. ಎಂಬತ್ತು ಕಾಮೆಂಟ್‌ಗಳ ಹಳೆಯ ಟಿಕೆಟ್ ಓದುವಾಗ ಅದು ನಿಜಕ್ಕೂ ಉಪಕಾರಿ, ನಾನೂ ಬಳಸುತ್ತೇನೆ. ಮುಚ್ಚುವ ಕಾಮೆಂಟನ್ನೂ ಅದರ ಕೈಲೇ ಬರೆಸೋಣ ಅನ್ನುವ ಮಾತು ಟೀಮಿನಲ್ಲಿ ಬಂತು. ಬೇಡ ಅಂದೆ. ಟಿಕೆಟ್ಟಿನಲ್ಲಿ ಬರೆದದ್ದನ್ನು ಅದು ಚೆನ್ನಾಗಿ ಕೂಡಿಸಿಕೊಡುತ್ತದೆ, ಆದರೆ ಕಾಲ್‌ನಲ್ಲಿ ಆಡಿದ ಮಾತು, ಊಟದ ಹೊತ್ತಿನಲ್ಲಿ ಆದ ತೀರ್ಮಾನ ಟಿಕೆಟ್ಟಿನಲ್ಲಿ ಇರುವುದಿಲ್ಲವಲ್ಲ. ದುಬೈ ಬ್ರಾಂಚಿನ ಸುದ್ದಿ ಆ ಖಾಲಿ ಟಿಕೆಟ್ಟಿನಿಂದ ಯಾವ ಯಂತ್ರಕ್ಕೂ ಹೊಳೆಯುತ್ತಿರಲಿಲ್ಲ. ಹಾಗಾಗಿ ನಮ್ಮಲ್ಲಿ ಯಾವ ಕಾಲ್‌ನಲ್ಲಿ ತೀರ್ಮಾನವಾದರೂ, ಅದನ್ನು ಟಿಕೆಟ್ಟಿನಲ್ಲಿ ಬರೆಯುವ ಕೆಲಸ ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಹೊಸಬರದ್ದು. ಹೊಸಬರಿಗೆ ಯಾವುದೂ ಗೊತ್ತಿರುವುದಿಲ್ಲ, ಅದಕ್ಕೇ ಎಲ್ಲವನ್ನೂ ಕೇಳಿ ಬರೆಯುತ್ತಾರೆ. ತಪ್ಪಿದ್ದರೆ ಹಿರಿಯರು ಅದರ ಕೆಳಗೆ ಇನ್ನೊಂದು ಕಾಮೆಂಟ್ ಹಾಕಿ ತಿದ್ದುತ್ತಾರೆ, ಮೊದಲಿನದನ್ನು ಅಳಿಸುವುದಿಲ್ಲ. ಎರಡೂ ಬಂದ ಮೇಲೆಯೇ 'ಡನ್' ಒತ್ತುವುದು.